ಸಾಯದೆ ಉಳಿದ ಸೇನಾಪತಿ

ಬೀದಿಯವರೆಲ್ಲ ಟೈಲರ್ ಎಂದು ಕರೆಯುತ್ತಿದ್ದರೂ ಆತ ಹೊಸ ಬಟ್ಟೆ ಹೊಲಿದದ್ದು ಕಡಿಮೆ. ಬಿಗಿಯಾದದ್ದನ್ನು ಸಡಿಲಿಸುವುದು, ಉದ್ದವಾದದ್ದನ್ನು ಒಳಗೆ ಮಡಚುವುದು, ಹರಿದದ್ದನ್ನು ಯಾರಿಗೂ ಕಾಣದ ಹಾಗೆ ಮುಚ್ಚುವುದು, ಇದೇ ಕಸುಬು. ನಮ್ಮಂಥ ಹೊಟ್ಟೆಯವರ ಮಾನ ಉಳಿದಿರುವುದು ಇಂಥವರ ಕೈಯಲ್ಲೇ.

ಅವನಿಗೆ ಕತ್ತರಿ ಹಿಡಿಯಲು ಕಲಿಸಿದವಳು ಅಕ್ಕ. ಈಗ ಅವಳ ಕಣ್ಣು ಮಂಜು, ಮೈಯೂ ಹಾಸಿಗೆ ಹಿಡಿದಿದೆ. ಮಧ್ಯಾಹ್ನ ಅಂಗಡಿಯ ಬಾಗಿಲೆಳೆದು ಮಹಡಿ ಹತ್ತಿ, ಟೈಲರ್ ಅವಳಿಗೆ ಐತಿಹಾಸಿಕ ಕಾದಂಬರಿಯೊಂದನ್ನು ಓದಿ ಹೇಳುತ್ತಿದ್ದ. ಅವಳು ಸುಮ್ಮನೆ ಕೇಳುವ ಪೈಕಿಯಲ್ಲ. ಪಾತ್ರಗಳನ್ನೆಲ್ಲ ಪಕ್ಕದ ಮನೆಯವರಂತೆ ವಿಚಾರಿಸಿಕೊಳ್ಳುತ್ತಿದ್ದಳು.

"ಈ ರಾಜನಿಗೆ ಬಾಯಿ ಜಾಸ್ತಿ ಕಣೋ. ಶತ್ರು ಬಾಗಿಲಿಗೆ ಬಂದ್ರೂ ಭಾಷಣ ನಿಲ್ಲಿಸಲ್ಲ."

"ರಾಜ ಅಲ್ವೇನಕ್ಕ, ಮಾತಾಡ್ಬೇಕು."

"ರಾಣಿ ಇನ್ನೊಬ್ಳು. ಅಷ್ಟು ಅತ್ರೂ ಒಡವೆ ಗಂಟು ಕಟ್ಟೋದು ಮರೀಲಿಲ್ಲ. ಆ ಮುದಿ ಸೇನಾಪತಿ ಒಬ್ನೇ ಮನುಷ್ಯ. ಮಂಡಿ ನೋವು ಅಂತ ಒಪ್ಕೊಂಡೇ ಕುದುರೆ ಹತ್ತುತ್ತಾನೆ ನೋಡು."

ಆ ಸೇನಾಪತಿಯೇ ಟೈಲರನ್ನು ಪೇಚಿಗೆ ಸಿಕ್ಕಿಸಿದ. ಅಂದು ಬೆಳಿಗ್ಗೆ ಆಸ್ಪತ್ರೆಯ ವರಾಂಡದಲ್ಲಿ ಡಾಕ್ಟರು ಅವನನ್ನು ಪಕ್ಕಕ್ಕೆ ಕರೆದು, ಇದು ವಾಸಿಯಾಗುವ ಕಾಯಿಲೆಯಲ್ಲ, ಹೆಚ್ಚು ಕಾಲ ಉಳಿದಿಲ್ಲ ಎಂದಿದ್ದರು. ಅವನು ಅಕ್ಕನಿಗೆ, "ಬರೀ ನಿಶ್ಶಕ್ತಿಯಂತೆ" ಎಂದಿದ್ದ. ಮಧ್ಯಾಹ್ನ ಪುಟ ತಿರುವಿದರೆ ಸೇನಾಪತಿ ಕೋಟೆ ಬಾಗಿಲಲ್ಲಿ ಸತ್ತು ಬಿದ್ದಿದ್ದಾನೆ! ಟೈಲರನ ಕೈಗೆ ಅಂಟಿದ ಅಭ್ಯಾಸ ಬಾಯಿಗೂ ಬಂತು. ಸಾವನ್ನು ಒಳಗೆ ಮಡಚಿ, ಭುಜಕ್ಕೊಂದು ಗಾಯ ಮಾಡಿ, ಮುದುಕನನ್ನು ದೂರದ ಹಳ್ಳಿಯಲ್ಲಿ ಮಲಗಿಸಿದ.

ಒಂದು ವಾರ ಸೇನಾಪತಿ ಔಷಧಿ ಕುಡಿದ, ಎದ್ದು ಕೂತ, ವೈದ್ಯನ ಕಾಲೂ ಎಳೆದ. ಕಾದಂಬರಿಕಾರನಿಗೆ ಗೊತ್ತಾಗಿದ್ದರೆ ಎದೆ ಬಡಿದುಕೊಳ್ಳುತ್ತಿದ್ದ. ನಮ್ಮ ಪಾತ್ರಗಳು ಚೆನ್ನಾಗಿ ಸತ್ತರೇ ನಾವು ಬರೆಯುವವರಿಗೆ ಹೆಮ್ಮೆ.

ಮುಂದಿನ ಅಧ್ಯಾಯದಲ್ಲಿ ಸೇನಾಪತಿಯ ಮಗ ಕತ್ತಿ ಹಿಡಿದು ಪ್ರತಿಜ್ಞೆ ಮಾಡಿದ. ಟೈಲರ್ ಮೈಮರೆತು, ಪುಸ್ತಕದಲ್ಲಿದ್ದಂತೆಯೇ ಓದಿಬಿಟ್ಟ.

"ನಿಲ್ಲು, 'ಸ್ವರ್ಗಸ್ಥರಾದ ತಂದೆಯ ಆಣೆ' ಅಂದ್ಯಲ್ಲ?"

"ಗೌರವಕ್ಕೆ ಹಾಗಂತಾರಕ್ಕ."

"ಬದುಕಿರೋರಿಗಾ?"

ಅವನು ಪುಟದ ಮೂಲೆ ಮಡಚತೊಡಗಿದ.

"ಯಾವಾಗ ಸತ್ತ?"

"ಹೋದ ವಾರ."

"ಹೆದರಿದ್ನಾ?"

ಟೈಲರ್ ಹಿಂದಿನ ಪುಟ ಹುಡುಕಿದ. "ಇಲ್ಲ. ಮಗನಿಗೆ, 'ನೀನು ಬಾಗಿಲು ಹಾಕ್ಕೋ, ನಾನು ಹೊರಗಿರ್ತೀನಿ' ಅಂದನಂತೆ."

ಅಕ್ಕ ಅವನತ್ತ ಹೊರಳಿದಳು.

"ಎಂಥ ಮಾತು ಬಚ್ಚಿಟ್ಯಲ್ಲೋ ಪೆದ್ದ. ಸಾಯ್ತೀನಿ ಅಂತ ಗೊತ್ತಿದ್ದಕ್ಕೇ ಅವನಿಗೆ ಆ ಮಾತು ಬಂತು." ತಡಕಾಡಿ ಅವನ ಮಣಿಕಟ್ಟು ಹಿಡಿದಳು. "ನನಗೂ ಯಾರ್‍ಯಾರಿಗೋ ಏನೇನೋ ಹೇಳೋದಿದೆ. ಡಾಕ್ಟ್ರು ಏನಂದ್ರು?"

ಟೈಲರ್ ಪುಸ್ತಕ ಕೆಳಗಿಟ್ಟ. ವರಾಂಡದಲ್ಲಿ ಕೇಳಿದ್ದನ್ನು ಒಂದು ಮಾತೂ ಬಿಡದೆ ಹೇಳತೊಡಗಿದ.