ಕಲ್ಲಿನ ಹಬೆ

ಹಲ್ಲು ತೋರಿಸಲು ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಒಳಗೆ ಕಡಲಿನ ವಾಸನೆ. ಉಪ್ಪು, ಪಾಚಿ, ಅದರಡಿಯಲ್ಲಿ ಸಣ್ಣಗೆ ಕೊಳೆತದ್ದು ಏನೋ... ತಿಪಟೂರಿನ ಪೇಟೆಯಲ್ಲಿ ಬರುವ ವಾಸನೆಯಲ್ಲ ಅದು. ನೋಡಿದರೆ, ಕಾಯುವ ಕೋಣೆಯ ಗೋಡೆಗೆ ಒಂದು ಗಾಜಿನ ತೊಟ್ಟಿ, ನೀಲಿ ಬೆಳಕು, ಒಳಗೆ ಹವಳದ ಜೀವಗಳು. ದಂತವೈದ್ಯರು ಇನ್ನೂ ಚಿಕ್ಕ ವಯಸ್ಸಿನವರು. ಗ್ಲೌಸು ಹಾಕಿಕೊಂಡು ಒಂದು ಕಲ್ಲನ್ನು ಹೊರಗೆ ತೆಗೆದು ಬಕೆಟ್ಟಿನಲ್ಲಿ ಅದ್ದಿ ನೋಡುತ್ತಿದ್ದರು. ಕಲ್ಲಿನ ತುಂಬ ಅಂಗಿ ಗುಂಡಿಗಳನ್ನು ಒತ್ತೊತ್ತಾಗಿ ಅಂಟಿಸಿದಂತೆ ಕಂದು ಹಸಿರಿನ ಪುಟ್ಟ ಪುಟ್ಟ ಬಾಯಿಗಳು. ಅರ್ಧಕ್ಕರ್ಧ ಮುಚ್ಚಿಕೊಂಡಿದ್ದವು.

"ಇದಕ್ಕೆ ಹುಷಾರಿಲ್ಲ ಆಂಟಿ," ಎಂದು ನಕ್ಕರು. "ಹತ್ರ ಬರಬೇಡಿ. ಈ ಜಾತೀದು ವಿಷ. ಬಿಸಿನೀರೇನಾದ್ರೂ ಬಿತ್ತೋ, ಆ ಹಬೆ ಕುಡಿದೋರು ಸೀದಾ ಆಸ್ಪತ್ರೆಗೆ."

ನಾನು ಕುರ್ಚಿ ಹಿಡಿದು ಕೂತೆ. ಒಂದು ಊರು ಯಾವತ್ತೂ ನಂಬದೆ ಹೋದ ಮಾತನ್ನು ಆತ ನಗುತ್ತಾ ಹೇಳಿಬಿಟ್ಟಿದ್ದರು.

ಎಂಬತ್ತರ ದಶಕದ ಮೊದಲ ವರ್ಷಗಳು. ಬಿ.ಎಸ್ಸಿ. ಮುಗಿಸಿ, ಮದುವೆಯಾಗಿ ತುರುವೇಕೆರೆಯ ಅಂಚಿನ ತೋಟದ ಮನೆಗೆ ಬಂದಿದ್ದೆ. ಮನೆಯ ಅರ್ಧವನ್ನು ಜೀವಶಾಸ್ತ್ರದ ಮೇಷ್ಟ್ರೊಬ್ಬರಿಗೆ ಬಾಡಿಗೆಗೆ ಕೊಟ್ಟಿದ್ದರು. ಬಚ್ಚಲು ಎರಡೂ ಮನೆಗೆ ಒಂದೇ. ಮೇಷ್ಟ್ರು ಹಂದನಕೆರೆ ಕಡೆಯವರು, ತೆಂಗಿನ ತೋಟದಲ್ಲೇ ಬೆಳೆದವರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ.

ಹುಡುಗರನ್ನು ಮಲ್ಪೆ ಕಡೆಗೆ ಪ್ರವಾಸ ಕರೆದುಕೊಂಡು ಹೋದ ಮೇಷ್ಟ್ರು ಬರುವಾಗ ಕ್ಯಾನುಗಳಲ್ಲಿ ಕಡಲ ನೀರು ತುಂಬಿಕೊಂಡು, ಅಂಥದೇ ಒಂದು ಕಲ್ಲನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದರು. ಇವು ಹವಳದ ದಾಯಾದಿಗಳು ಎಂದರು. ಪಡಸಾಲೆಯ ಕಿಟಕಿಯ ಬಳಿ ಗಾಜಿನ ತೊಟ್ಟಿ ಬಂತು, ಗಾಳಿ ಊದುವ ಪುಟ್ಟ ಮೋಟಾರು ಬಂತು. ಬಿಸಿಲು ಬಿದ್ದರೆ ಆ ಬಾಯಿಗಳು ಅರಳುತ್ತಿದ್ದವು. ಮೀನು ಮುಟ್ಟದ ನಮ್ಮ ಮನೆಯಲ್ಲಿ ಅತ್ತೆ ಮೂಗು ಮುಚ್ಚಿಕೊಂಡೇ ಬಂದು ನೋಡಿದರು.

ಬೇಸಿಗೆ ಹತ್ತಿರವಾದಂತೆ ಬಾಯಿಗಳು ಮುಚ್ಚಿಕೊಳ್ಳತೊಡಗಿದವು. ಆಮೇಲೆ ಮೇಷ್ಟ್ರು ಒಂದು ಕಡೆ ನಿಂತದ್ದನ್ನು ನಾನು ಕಾಣಲಿಲ್ಲ. ಬಿಸಿಲು ಹೆಚ್ಚಾಯಿತೆಂದು ಕಿಟಕಿಗೆ ಪಂಚೆ ಕಟ್ಟಿದರು, ಕಡಿಮೆಯಾಯಿತೆಂದು ಬಿಚ್ಚಿದರು. ನೀರು ಆರಿ ಉಪ್ಪು ಏರಿತೇ ಎಂದು ನೋಡಲು ಡೈರಿಯಿಂದ ಲ್ಯಾಕ್ಟೋಮೀಟರ್ ತಂದು ತೊಟ್ಟಿಯಲ್ಲಿ ತೇಲಿಬಿಟ್ಟರು. ಅತ್ತೆ ಬಗ್ಗಿ ನೋಡಿ, "ಹಾಲಾಗಿದ್ರೆ ನೀರು ಬೆರ್ಸವ್ರೆ ಅಂತ ಡೈರೀಲಿ ವಾಪಸ್ ಕಳುಸ್ತಿದ್ರು ಕಣ್ರೀ ಮೇಷ್ಟ್ರೇ," ಎಂದರು. ಮೇಷ್ಟ್ರೂ ನಕ್ಕರು. ಉಪ್ಪು ಸರಿಯಾಗಿಯೇ ಇತ್ತು.

ತಪ್ಪು ಇದ್ದದ್ದು ಬೇರೆ ಕಡೆ. ಕ್ಯಾನುಗಳಿಗೆ ಸೀಮೆಎಣ್ಣೆ ವಾಸನೆ ಇದೆಯೆಂದು ಉಳಿದ ಕಡಲ ನೀರನ್ನು ಅವರು ಹಳೆಯ ತಾಮ್ರದ ಹಂಡೆಯಲ್ಲಿ ತುಂಬಿಟ್ಟಿದ್ದರು. ತಾಮ್ರದಲ್ಲಿಟ್ಟ ನೀರು ಕೆಡುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ನಂಬಿದ ಮಾತು. ಒಂದು ದಿನ ಹಂಡೆಯೊಳಗೆ ಹಸಿರು ಕಿಲುಬಿನ ಗೆರೆ ಕಂಡು ಮೇಷ್ಟ್ರು ಹಣೆ ಚಚ್ಚಿಕೊಂಡರು. ತಾಮ್ರ ಆ ಜೀವಗಳಿಗೆ ವಿಷ. ಅಷ್ಟು ದಿನ ಅದೇ ನೀರನ್ನು ತೊಟ್ಟಿಗೆ ಎರೆಯುತ್ತಿದ್ದರು.

ಆ ಹೊತ್ತಿಗೆ ಅಕ್ಕನಿಗೂ ಸಾಕಾಗಿತ್ತು. ರಜೆ ಬಂದರೂ ಎಲ್ಲಿಗೂ ಹೊರಡದ ಗಂಡನ ಜೊತೆ ಜೋರಾಗಿ ಜಗಳವಾಡಿ ಮಾಯಸಂದ್ರದ ತವರಿಗೆ ಹೋದರು. ಆ ಜಗಳ ಇಡೀ ಬೀದಿಗೆ ಕೇಳಿಸಿತ್ತು.

ಮಾರನೆಯ ದಿನ ಸೋಮವಾರ. ಮೇಷ್ಟ್ರು ಕಲ್ಲು ಹಿಡಿದು ಅಂಗಳ ದಾಟುತ್ತಿದ್ದರು. ಅರ್ಧ ಭಾಗ ಲೋಳೆಯಾಗಿ ಕೊಳೆತಿತ್ತು.

"ರಸ ಸೋರೋ ಮರಕ್ಕೆ ಏನ್ಮಾಡ್ತೀವಿ ಹೇಳಮ್ಮ?" ಎಂದರು. "ಕೊಳ್ತಿದ್ದು ಕೆತ್ತಿ ತೆಗ್ದು, ಗಾಯಕ್ಕೆ ಬಿಸಿ ಡಾಂಬರು ಬಳೀತೀವಿ. ಇಲ್ಲಿ ಡಾಂಬರಿನ ಬದ್ಲು ಕುದಿಯೋ ನೀರು. ಅರ್ಧನಾದ್ರೂ ಉಳೀಲಿ."

ತೆಂಗು ಬೆಳೆಸಿದ ಮನೆಯವರಿಗೆ ಅದಕ್ಕಿಂತ ಸರಿಯಾದ ಚಿಕಿತ್ಸೆ ಇನ್ನೊಂದು ಹೊಳೆಯುವುದಿಲ್ಲ. ನನಗೂ ಸರಿಯೆನ್ನಿಸಿತು. ಅತ್ತೆ ಒಳಗೆ ಪೂಜೆಗೆ ಕೂತಿದ್ದರು. ದೇವರ ಮನೆಗೆ ಮೀನಿನ ವಾಸನೆ ಹೋಗಬಾರದೆಂದು ಮೇಷ್ಟ್ರು ತಾವಾಗಿಯೇ ಬಚ್ಚಲ ಕಿಟಕಿ ಮುಚ್ಚಿದರು, ಬಾಗಿಲನ್ನೂ ಎಳೆದುಕೊಂಡರು. ಯಾರೂ ಹೇಳಿರಲಿಲ್ಲ...

ಉಳಿಯ ಸದ್ದು ಕೇಳಿಸಿತು. ನೀರು ಸುರಿದ ಸದ್ದು. ಬಾಗಿಲ ಸಂದಿಯಿಂದ ಹಬೆ ಬಂತು, ಹಿಂದೆಯೇ ಕೆಮ್ಮು. ನಾನು ಬಾಗಿಲು ತಳ್ಳಿದೆ. ಒಂದೇ ಉಸಿರು ಒಳಗೆ ಹೋಗಿರಬೇಕು, ನನ್ನ ನಾಲಗೆಯೆಲ್ಲ ಕಬ್ಬಿಣ ನೆಕ್ಕಿದಂತೆ ಕಹಿಯಾಯಿತು. ಮೇಷ್ಟ್ರು ಗೋಡೆ ಹಿಡಿದು ಹೊರಗೆ ಬಂದರು. "ಏನಿಲ್ಲಮ್ಮ, ಹಬೆ," ಎಂದರು. ನೀರು ಕುಡಿದು ಜಗುಲಿಯಲ್ಲಿ ಮಲಗಿದರು. ಮಧ್ಯಾಹ್ನದ ಹೊತ್ತಿಗೆ ಬೇಸಿಗೆಯ ಆ ಸೆಕೆಯಲ್ಲೂ ನಡುಗುತ್ತಿದ್ದರು. ಕಣ್ಣು ಕೆಂಪಾಗಿತ್ತು, ತುಟಿ ನೀಲಿಗಟ್ಟಿತ್ತು, ಎದೆಯೊಳಗೆ ಪೀಪಿ ಊದಿದಂತೆ ಸದ್ದು. ಅಷ್ಟರಲ್ಲಿ ಅತ್ತೆ, "ಥೂ, ಏನ್ ನಾತ! ಇನ್ನೊಂದ್ ಹಂಡೆ ಬಿಸ್ನೀರು ಹುಯ್ದು ತೊಳ್ದ್ಬುಡ್ತೀನಿ," ಎನ್ನುತ್ತಾ ಬಚ್ಚಲಿಗೆ ಹೊರಟಿದ್ದರು. ನಾನು ಅವರ ರಟ್ಟೆ ಹಿಡಿದು ಎಳೆದೆ. ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ. ಈಗಲೂ ಒಮ್ಮೊಮ್ಮೆ ನಿದ್ದೆಯಲ್ಲಿ ಆ ರಟ್ಟೆ ನನ್ನ ಕೈಯಿಂದ ಜಾರುತ್ತದೆ.

ಕೊಬ್ಬರಿ ಚೀಲ ತುಂಬಿದ ಲಾರಿಯೊಂದನ್ನು ರಸ್ತೆಯಲ್ಲಿ ನಿಲ್ಲಿಸಿ, ಮೇಷ್ಟ್ರನ್ನು ಮುಂದೆ ಕೂರಿಸಿ ತಿಪಟೂರಿಗೆ ಕರೆದೊಯ್ದೆ. ನರ್ಸಿಂಗ್ ಹೋಮಿನ ಡಾಕ್ಟರು ಒಂದು ಸಲ ನೋಡಿ, "ಏನು ಕುಡಿದ್ರು?" ಎಂದರು.

"ಏನೂ ಕುಡಿದಿಲ್ಲ ಡಾಕ್ಟ್ರೇ. ಹಬೆ."

"ಹಬೆ ಕುಡಿದು ಯಾರಮ್ಮ ಹಿಂಗಾಗ್ತಾರೆ? ಮನೇಲಿ ಔಷ್ದಿ ಎಲ್ಲಿಟ್ಟಿದ್ರಿ, ಅದನ್ನ ಹೇಳು."

ತೆಂಗಿನ ಬೇರಿಗೆ ಕಟ್ಟುವ ಹುಳದ ಔಷಧಿಯ ಬಾಟಲಿ ಇದ್ದದ್ದು ಅದೇ ಬಚ್ಚಲ ಅಟ್ಟದ ಮೇಲೆ. ಸುಳ್ಳು ಹೇಳಲಾಗಲಿಲ್ಲ. ಅದರ ಮುಚ್ಚಳಕ್ಕೆ ಜೇಡರ ಬಲೆ ಕಟ್ಟಿದ್ದನ್ನು ಅಂದು ಬೆಳಿಗ್ಗೆಯೇ ಕಂಡಿದ್ದೆ, ಅದನ್ನೂ ಹೇಳಿದೆ. ಆದರೆ ಬಾಟಲಿಯ ಮಾತು ಮಾತ್ರ ಅವರ ಕಿವಿಗೆ ಬಿತ್ತು. ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯನ ಗಂಟಲಿಗೆ ನಳಿಗೆ ಇಳಿಸಿ ಹೊಟ್ಟೆ ತೊಳೆದರು. ಮೇಷ್ಟ್ರು ಕೈಯಾಡಿಸಿ ಬೇಡ ಬೇಡ ಎನ್ನುತ್ತಿದ್ದರು. ಆ ಕೈಯನ್ನು ಒಬ್ಬ ವಾರ್ಡ್ ಬಾಯ್ ಒತ್ತಿ ಹಿಡಿದಿದ್ದ...

ಸಂಜೆಗೆ ಅಕ್ಕ ಓಡಿ ಬಂದರು. ನಾನು ಎಲ್ಲ ಹೇಳಿದೆ. ಅಕ್ಕ ಕೇಳಿಸಿಕೊಂಡರು. ಮೇಷ್ಟ್ರ ಮಂಚದ ಪಕ್ಕ ನೆಲದ ಮೇಲೆ ಕೂತವರು ಅಲ್ಲಿಂದ ಏಳಲಿಲ್ಲ.

ಮೇಷ್ಟ್ರು ಬದುಕಿದರು. ಆದರೆ ಮನೆಗೆ ಬರುವ ಮೊದಲೇ ಊರಿನಲ್ಲಿ ತೀರ್ಮಾನವಾಗಿ ಹೋಗಿತ್ತು: ಹೆಂಡತಿ ತವರಿಗೆ ಹೋದಳು, ಮೇಷ್ಟ್ರು ಔಷಧಿ ಕುಡಿದರು. ನಾನು ಸಿಕ್ಕವರಿಗೆಲ್ಲ ಹಬೆಯ ಮಾತು ಹೇಳಿದೆ. "ಮಾನ ಮುಚ್ಚಕೆ ಒಂದ್ ಕಲ್ ಬೇಕಿತ್ತು ಬುಡವ್ವ," ಎಂದಳು ಒಬ್ಬಾಕೆ. ಮೇಷ್ಟ್ರು ಒಂದೆರಡು ಸಲ ವಿವರಿಸಲು ಹೋಗಿ ಬಿಟ್ಟುಬಿಟ್ಟರು. ಮುಂದಿನ ವರ್ಷ ವರ್ಗ ಮಾಡಿಸಿಕೊಂಡು ಹಾಸನದ ಕಡೆ ಹೋದರು. ಮೆಟ್ಟಿಲು ಹತ್ತುವಾಗ ನಡುವೆ ನಿಂತು ಉಸಿರೆಳೆದುಕೊಳ್ಳುತ್ತಿದ್ದರು. ಅದೊಂದು ಕೊನೆಯವರೆಗೂ ಹೋಗಲಿಲ್ಲವಂತೆ.

ದಂತವೈದ್ಯರಲ್ಲಿಂದ ಬಂದವಳೇ ಅಕ್ಕನ ನಂಬರು ಹುಡುಕಿಸಿ ಫೋನು ಮಾಡಿದೆ. ಮೇಷ್ಟ್ರು ತೀರಿಹೋಗಿ ಕೆಲವು ವರ್ಷಗಳಾಗಿವೆ. ಅಕ್ಕನಿಗೆ ಈಗ ಕಿವಿ ಮಂದ. ಕಲ್ಲು, ಬಿಸಿನೀರು, ಹಬೆ, ವಿಷ ಎಂದು ಒಂದೊಂದೇ ಮಾತನ್ನು ಕೂಗಿ ಹೇಳಿದೆ. ಓದಿದ ಡಾಕ್ಟರೇ ಹೇಳಿದ್ದು ಎಂದೆ.

"ಅವತ್ತಿಂದ ಅವರನ್ನ ಒಬ್ರನ್ನೇ ಬುಟ್ಟು ಒಂದ್ ರಾತ್ರಿನೂ ಎಲ್ಲೂ ಉಳೀಲಿಲ್ಲ ಕಣೇ ನಾನು," ಎಂದರು ಅಕ್ಕ. "ನಮ್ಮವ್ವ ಸತ್ತಾಗ್ಲೂ ಮಣ್ ಮಾಡಿ ಸಂಜೆ ಬಸ್ಸಿಗೇ ಬಂದ್ಬುಟ್ಟೆ, ಇನ್ನೊಂದ್ಸಲ ಔಷ್ದಿ ಕುಡ್ದ್ಬುಟ್ರೆ ಅಂತ."

"ಅವರು ಯಾಕೆ ಅಂತ ಕೇಳ್ಲಿಲ್ವಾ ಅಕ್ಕ?"

"ಕೇಳ್ಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಕಾಯ್ತಾ ಕೂತಿರೋರು, ಅಷ್ಟೇ."

ಆಮೇಲೆ ಸಣ್ಣಗೆ, ತಮಗೇ ಹೇಳಿಕೊಂಡಂತೆ ಕೇಳಿದರು: "ಇದ್ನ ನಾನೀಗ ಯಾರ್ಗೆ ಹೇಳ್ಲಿ ಕಣೇ?"