ಅಕ್ಕನ ಕಾರಿನ ಕವರು

ಕಾರಿನ ಬಟ್ಟೆ ಕವರನ್ನು ನೀವು ಎಂದಾದರೂ ಮನೆಯಲ್ಲೇ ಒಗೆದಿದ್ದೀರಾ? ಇವತ್ತು ಬೆಳಿಗ್ಗೆ ನಾನು ಆ ಸಾಹಸಕ್ಕೆ ಇಳಿದೆ. ನಮ್ಮ ದೊಡ್ಡಬಳ್ಳಾಪುರದ ಬೀದಿಯ ಧೂಳು, ಮಗ್ಗದ ಮನೆಗಳಿಂದ ಹಾರಿಬಂದ ನೂಲಿನ ಎಳೆ, ಪಾರಿವಾಳಗಳ ಕೃಪೆ, ಎಲ್ಲವನ್ನೂ ಪೊರಕೆಯಿಂದ ಕೊಡವಿ, ತಾರಸಿಯಲ್ಲಿ ಹರವಿ ನೀರು ಸುರಿದೆ. ಮಣ್ಣು ಪೆಟ್ರೋಲು ಬೆರೆತ ವಾಸನೆಯೊಂದು ಎದ್ದಿತು. ಅದು ಅಕ್ಕನ ಭಾನುವಾರಗಳ ವಾಸನೆ.

ನಮ್ಮ ಮನೆಯ ಕೆಳಗಿನ ಭಾಗದಲ್ಲಿದ್ದ ನನ್ನ ಸ್ವಂತ ಅಕ್ಕ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯ ಮಾತೆತ್ತಿದವರಿಗೆ, "ಮೊದ್ಲು ಕಾರು ತಗೋತೀನಿ, ಆಮೇಲೆ ನೋಡಾಣ" ಎನ್ನುತ್ತಿದ್ದಳು. ಕಾರು ಬಂತು. ಆಮೇಲೆ ಅವಳು ಬೇರೇನನ್ನೂ ನೋಡಲಿಲ್ಲ.

ಕವರು ಒಗೆಯುವ ಭಾನುವಾರ ಇಬ್ಬರೂ ಸೀರೆ ಎತ್ತಿಕಟ್ಟಿ, ಸೋಪಿನ ನೀರಲ್ಲಿ ಅದನ್ನು ಬರಿಗಾಲಲ್ಲಿ ತುಳಿಯುತ್ತಿದ್ದೆವು. ನಾನು ಬ್ರಷ್ ಎತ್ತಿಕೊಂಡರೆ ಗದರುತ್ತಿದ್ದಳು.

"ಉಜ್ಜಬ್ಯಾಡ ಕಣೇ, ಬಟ್ಟೆ ಹಾಳಾಗೋಗ್ತದೆ. ಹಿಂಡಲೂಬ್ಯಾಡ."

"ಮತ್ತೆ ಹೆಂಗೆ ಒಣಗ್ತದೆ?"

"ಗಾಳಿಗೇನು ಬೇರೆ ಕೆಲ್ಸ ಐತಾ?"

ಒಂದು ಆಷಾಢದಲ್ಲಿ ಗಾಳಿ ತನ್ನ ಕೆಲಸವನ್ನು ಸ್ವಲ್ಪ ಹೆಚ್ಚೇ ಮಾಡಿತು. ಕವರು ಹಾರಿ, ಕೆಳಗೆ ಕಟ್ಟಿದ್ದ ಪಕ್ಕದ ಮನೆಯ ಹಸುವಿನ ಮೇಲೆ ಬಿತ್ತು. ಗಾಬರಿಬಿದ್ದ ಹಸು ಹಗ್ಗ ಕಿತ್ತುಕೊಂಡು, ಕವರು ಹೊದ್ದೇ ಬೀದಿಗಿಳಿಯಿತು. "ನೋಡೇ, ಹೊಸ ಮಾಡಲ್ ಬಂತು!" ಎಂದು ಅಕ್ಕ ನಗುತ್ತಾ ಒದ್ದೆ ನೆಲದಲ್ಲೇ ಕೂತುಬಿಟ್ಟಳು. ಅವಳು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ಕಾಣೆ.

ಹೋದ ವರ್ಷ ಜ್ವರವೆಂದು ಮಲಗಿದ ಅಕ್ಕ ಏಳಲಿಲ್ಲ. ಕಾರು ಅವಳು ನಿಲ್ಲಿಸಿದಲ್ಲೇ ಉಳಿಯಿತು. ಓಡಿಸುವುದನ್ನು ನನಗೆ ಅವಳೇ ಕಲಿಸಿದ್ದಳು. ಆದರೆ ಅವಳು ಪಕ್ಕದಲ್ಲಿಲ್ಲದೆ ನಾನು ಓಡಿಸಿದ್ದೇ ಇಲ್ಲ. ಬ್ಯಾಟರಿ ಸಾಯದಿರಲೆಂದು ಆಗಾಗ ಪಕ್ಕದ ಸೀಟಿನಲ್ಲೇ ಕೂತು, ಕೈ ಚಾಚಿ ಕೀ ತಿರುಗಿಸುತ್ತಿದ್ದೆ. ಅವಳ ಜಾಗದಲ್ಲಿ ಕೂರಲು ಮನಸ್ಸು ಬರುತ್ತಿರಲಿಲ್ಲ.

ಇವತ್ತು ನೀರು ಕುಡಿದ ಕವರನ್ನು ಒಬ್ಬಳೇ ಎತ್ತಲಾಗದೆ ಎದುರುಮನೆಯ ಜಯಮ್ಮನನ್ನು ಕರೆದೆ. ಇಬ್ಬರೂ ಸೇರಿ ಮೋಟುಗೋಡೆಯ ಮೇಲೆ ಹರವಿ, ಹಾರದಂತೆ ಇಟ್ಟಿಗೆ ಹೇರಿದೆವು. ಜಯಮ್ಮ ಕೆಳಗೆ ಬಗ್ಗಿ ನೋಡಿದಳು.

"ಈ ಕಾರಿನ ಬಣ್ಣಾನೇ ಮರ್ತೋಗಿತ್ತಲ್ಲಕ್ಕಾ! ಎಲ್ಲಿಗಾದ್ರೂ ಹೊರಟ್ರಾ?"

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. "ಕುಂದಾಣದ ಕಡೆ. ಬರ್ತೀಯಾ?" ಎಂದುಬಿಟ್ಟೆ.

ಅವಳು ಸೀರೆ ಬದಲಿಸಲು ಓಡಿದಳು. ನಾನು ಕೆಳಗಿಳಿದು, ಅಕ್ಕ ಹೋದಮೇಲೆ ಮೊದಲ ಸಲ, ಅವಳ ಜಾಗದಲ್ಲಿ ಕೂತೆ. ಮೊಣಕಾಲು ಸ್ಟೇರಿಂಗಿಗೆ ತಗುಲಿತು. ಅಕ್ಕ ಗಿಡ್ಡಿ, ಸೀಟನ್ನು ಮುಂದಕ್ಕೆ ಎಳೆದುಕೊಂಡಿದ್ದಳು. ಸ್ವಲ್ಪ ಹೊತ್ತು ಹಾಗೇ ಇಕ್ಕಟ್ಟಿನಲ್ಲೇ ಕೂತಿದ್ದೆ. ಜಯಮ್ಮ ಬಂದು ಬಾಗಿಲು ತೆರೆದಾಗ, ಕೆಳಗೆ ಕೈ ಹಾಕಿ, ಸೀಟನ್ನು ಹಿಂದಕ್ಕೆ ತಳ್ಳಿದೆ.