ಸಿಮೆಂಟ್ ಗೋದಾಮಿನ ಮೂಕಿ ಸಿನಿಮಾ

ಭೀಮರಾಯನಗುಡಿ ಕ್ಯಾಂಪಿನಲ್ಲಿ ಕಾಲುವೆ ಕೆಲಸ ಜೋರಾಗಿದ್ದ ಕಾಲ. ಅಪ್ಪ ಅಲ್ಲಿ ಮಣ್ಣು ಹೊರುತ್ತಿದ್ದ. ನಾನು ಪಿಯುಸಿ ಪಾಸಾಗಿದ್ದೆ. ಡಿಗ್ರಿಗೆ ಗುಲಬರ್ಗಾಕ್ಕೆ ಹೋಗಲೇಬೇಕೆಂಬ ಹಟ ನನ್ನದು. ಸಗರದಿಂದ ಬಂದಿದ್ದ ದೊಡ್ಡಪ್ಪನದು ಒಂದೇ ಮಾತು: “ಹೆಣ್ಣುಹುಡುಗಿ ಅಷ್ಟು ದೂರ ಹೋದ್ರ ಹೊಳ್ಳಿ ನಮ್ಮ ಕೈಗೆ ಸಿಗಾಂಗಿಲ್ಲ.” ಅಪ್ಪ ಹೂಂ ಅಂದಿರಲಿಲ್ಲ, ಉಹೂಂ ಅಂದಿರಲಿಲ್ಲ. ಕಾಲೇಜಿನ ಫಾರಮ್ಮಿಗೆ ಅವನ ಹೆಬ್ಬೆಟ್ಟು ಬೇಕಿತ್ತು. ಸೋಮವಾರವೇ ಕಡೆಯ ದಿನ.

ಭಾನುವಾರ ಮಧ್ಯಾಹ್ನ ಇಂಜಿನಿಯರ್ ಸಾಹೇಬರು ಸಿಮೆಂಟ್ ಗೋದಾಮಿನ ಕಿಟಕಿಗಳಿಗೆ ಬೆಳಕು ಬಾರದಂತೆ ತಾಡಪತ್ರಿ ಕಟ್ಟಿಸಿ ಹಳೆಯ ಮೂಕಿ ಸಿನಿಮಾ ಹಾಕಿಸಿದರು. ಮಿಲಿಟರಿ ಶಾಲೆಯೊಂದರ ಕಥೆ, ನಡುವೆ ಚೆಂಡಾಟ. ಮಾತಿಲ್ಲ, ಆಗಾಗ ಇಂಗ್ಲಿಷ್ ಸಾಲುಗಳು ಬಂದು ಹೋಗುತ್ತಿದ್ದವು. “ಯಾರರೆ ಓದಿ ಹೇಳ್ರಿ” ಎಂದರು ಸಾಹೇಬರು. ಅಪ್ಪ ಎದ್ದು, “ನನ್ನ ಮಗಳು ಓದ್ತಾಳ್ರಿ” ಎಂದುಬಿಟ್ಟ.

ಪರದೆಯ ಪಕ್ಕ ನಿಂತೆ. ಅರ್ಧ ಓದುವಷ್ಟರಲ್ಲಿ ಸಾಲು ಮಾಯ. ಸಿನಿಮಾದ ಹುಡುಗನಿಗೆ ಸೊಕ್ಕು ಬಹಳ, ಅದಕ್ಕೇ ಜತೆಯವರು ಮಾತು ಬಿಟ್ಟಿದ್ದಾರೆ ಎಂದು ಹೇಗೋ ಹೇಳಿದೆ. ಪಂದ್ಯ ಶುರುವಾಯಿತು. “ಯವ್ವಾ, ಇದ್ಯಾವ ಆಟ?” ಮಂದಿಯೊಳಗಿಂದ ಯಾರೋ ಕೇಳಿದರು. ಕಾಲು ಹಿಡಿದು ಕೆಡವುವುದನ್ನು ನೋಡಿ, “ಚೆಂಡು ಹಿಡ್ಕೊಂಡು ಆಡೋ ಕಬಡ್ಡಿ” ಎಂದೆ. ಅಲ್ಲೇ ಕೆಟ್ಟಿತು.

ಹುಡುಗ ಚೆಂಡು ಬಗಲಲ್ಲಿಟ್ಟು ಎದುರಿನವರೊಳಗೆ ನುಗ್ಗಿದ. ಗೋದಾಮಿಗೆ ಗೋದಾಮೇ ಎದ್ದು ನಿಂತಿತು. “ಮುಟ್ಟಿದಿ, ಸಾಕು, ಹೊಳ್ಳೋ!” “ಲೇ ಹುಚ್ಚ, ಹಿಂದಕ್ಕ ಬಾರೋ!” ಅವನು ಹೊಳ್ಳಲಿಲ್ಲ. ಕಡೆಯ ಗೆರೆ ದಾಟಿ ಬಿದ್ದ. ಮಂದಿ ಹಣೆ ಬಡಿದುಕೊಂಡರು. ದೊಡ್ಡಪ್ಪ, “ನೋಡು, ಹೋದಾಂವ ಬರ್ಲೇ ಇಲ್ಲ. ಔಟ್” ಎಂದ.

ಪರದೆಯ ಮೇಲೆ ನೋಡಿದರೆ, ಮಾತು ಬಿಟ್ಟಿದ್ದ ಗೆಳೆಯರೇ ಅವನನ್ನು ಹೆಗಲಿಗೇರಿಸಿಕೊಂಡಿದ್ದರು. ಗಂಟಲು ಹರಿಯುವಂತೆ ಕೂಗಿದೆ: “ನಂದ ತಪ್ಪಾತ್ರಿ, ಇದು ಕಬಡ್ಡಿ ಅಲ್ಲ. ಇದರಾಗ ಹೊಳ್ಳಿ ಬರೋದಿಲ್ಲ. ಆ ಗೆರಿ ದಾಟಿದ್ರ ಗೆದ್ದಂಗ. ಗೆದ್ದಾನ ಅವ.”

ಸೀಟಿಯೋ ಸೀಟಿ. ಕುಣಿದವರ ಕಾಲಿಗೆ ಸಿಮೆಂಟ್ ಧೂಳೆದ್ದು ಪರದೆಯೇ ಮಸುಕಾಯಿತು.

ಹೊರಗೆ ಬಂದು ದೊಡ್ಡಪ್ಪ ಗೊಣಗಿದ, “ಇದೆಂಥ ಆಟ, ಹೋದಾಂವ ಅಲ್ಲೇ ಉಳಿಯೋದು?”

ಅಪ್ಪ ಟವೆಲ್ ಕೊಡವಿದ. “ಆ ಆಟದ ಕಾಯ್ದೆ ಹಂಗೈತಣ್ಣ. ಓದಿದಾಕಿ ಹೇಳ್ಯಾಳಲ್ಲ.” ನನ್ನ ಕಡೆ ತಿರುಗಿ, “ಫಾರಮ್ ಎಲ್ಲೈತಿ, ತಾ” ಎಂದ.

ಮೂರು ವರ್ಷದ ಮೇಲೆ ನಾನು ಹೊಳ್ಳಿಯೂ ಬಂದೆ, ನಮ್ಮ ಮನೆತನದ ಮೊದಲ ಡಿಗ್ರಿಯನ್ನು ಬಗಲಲ್ಲಿಟ್ಟುಕೊಂಡು. ಬಸ್ಸಿಳಿದು ನೆಟ್ಟಗೆ ಸಗರಕ್ಕೆ ಹೋಗಿ, ಮೊದಲು ದೊಡ್ಡಪ್ಪನಿಗೇ ತೋರಿಸಿದೆ.